ಎರಡು ಡಬ್ಬಿ, ಒಂದೇ ಹೆಸರು

ಜನವರಿ 5, ಸೋಮವಾರ

ರಾಣೆಬೆನ್ನೂರು ನಗರದ ಸಮಸ್ತ ಮಹಾಜನತೆಯ ಸನ್ನಿಧಾನಕ್ಕೆ ಅತ್ಯಂತ ಹರ್ಷದಿಂದ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ, ಬಸ್ ನಿಲ್ದಾಣದ ಎದುರಿನ ಸಿದ್ದಲಿಂಗಪ್ಪ ಪ್ರಚಾರ ಸೇವೆಯಲ್ಲಿ, ರಾಹುಕಾಲ ಕಳೆದ ಮೇಲೆ, ಮಾಲೀಕರ ಅಮೃತಹಸ್ತದಿಂದ, ಕಂಪ್ಯೂಟರಿನ ಪಕ್ಕೆಲುಬಿನೊಳಗೆ ಹುಣಸೆಬೀಜದಷ್ಟು ದೊಡ್ಡದಾದ ಒಂದು ಕರಿಯ ತುಂಡನ್ನು ಸಿಕ್ಕಿಸಲಾಯಿತು. ತಾಯಂದಿರೇ, ಅಣ್ಣತಮ್ಮಂದಿರೇ, ಕಿವಿಗೊಟ್ಟು ಕೇಳಿ, ಮನಸುಗೊಟ್ಟು ಕೇಳಿ! ಇದರ ಹೆಸರು ಬ್ಲೂಟೂತ್. ಇನ್ನು ಮುಂದೆ ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ವೈರು ಎಂಬುದಿಲ್ಲ!

ಕೇಳುವವರು ಯಾರೂ ಇಲ್ಲ. ಯಾಕೆಂದರೆ ಹೇಳುವವನಿಗೆ ಬಾಯಿಲ್ಲ.

ಮೂವತ್ತು ವರ್ಷ ಆಟೋದ ಹಿಂದಿನ ಸೀಟಿನಲ್ಲಿ ಕೂತು ಮೈಕಿನಲ್ಲಿ ಈ ಊರನ್ನು ಎಬ್ಬಿಸಿದವನು ನಾನು. ಬೀಜ ಬಂದರೆ ನಾನು, ನಳದ ನೀರು ಬರದಿದ್ದರೆ ನಾನು, ನಾಟಕ ಕಂಪನಿ ಬಂದರೆ ನಾನು, ಎಮ್ಮೆ ಕಳೆದರೂ ನಾನು. ಮೊನ್ನೆ ಹಾವೇರಿಯ ಗಂಟಲು ಡಾಕ್ಟರು ಕೊಳವೆ ಇಳಿಸಿ ಇಣುಕಿ, ಸ್ವರತಂತಿಯ ಮೇಲೆ ಗಂಟು ಎದ್ದಿದೆ ಎಂದರು. ಶಿವರಾತ್ರಿ ದಾಟುವತನಕ ಒಂದಕ್ಷರ ಆಡಕೂಡದು. ಪಿಸುಮಾತೂ ಕೂಡದು. ಆಡಿದರೆ ಚಾಕು, ಚಾಕು ಹಾಕಿದ ಮೇಲೆ ಬರುವ ದನಿ ನನ್ನದೇ ಇರುತ್ತದೆಂದು ಅವರು ಹೇಳಲಾರರಂತೆ.

ಪಕ್ಕದಲ್ಲಿದ್ದ ನನ್ನ ಧರ್ಮಪತ್ನಿ ಪ್ರೇಮವ್ವ ಡಾಕ್ಟರಿಗೆ ಕೇಳಿದ ಪ್ರಶ್ನೆಯನ್ನು ಇತಿಹಾಸಕ್ಕಾಗಿ ಬರೆದಿಡುತ್ತೇನೆ: "ಬರೇ ಶಿವರಾತ್ರಿ ತನಕ ಏನ್ರಿ? ಯುಗಾದಿ ತನಕ ಮುಂದ ಹಾಕಾಕ ಬರೂದಿಲ್ಲೇನು?"

ಆದರೆ ನಾನು ಕುಗ್ಗಿಲ್ಲ. ನನ್ನ ದನಿಯೆಲ್ಲ ಮಡಚುವ ಕಂಪ್ಯೂಟರಿನಲ್ಲಿ ಮೊದಲೇ ಭರ್ತಿ ಇದೆ. ಅದರ ವೈರು ಚುಚ್ಚುವ ತೂತು ಸತ್ತುಹೋಗಿದೆ, ಅಷ್ಟೇ. ಫೆಬ್ರವರಿಯ ಮೊದಲ ಸೋಮವಾರ ಬ್ಯಾಡಗಿಯಲ್ಲಿ ಬೀಜದ ಕಂಪನಿಯೊಂದರ ದೊಡ್ಡ ಪ್ರಚಾರ. ಅಷ್ಟರೊಳಗೆ ಈ ಹುಣಸೆಬೀಜ ಕೆಲಸ ಮಾಡಬೇಕು. ಇಲ್ಲದಿದ್ದರೆ ಕೆಲಸ ಹುಬ್ಬಳ್ಳಿಯವರ ಪಾಲು. ಆಮೇಲೆ ಈ ಸೀಮೆಯಲ್ಲಿ ನನ್ನ ದನಿ ಕೇಳಬೇಕೆಂದರೆ ಜನ ಯಾರದಾದರೂ ಎಮ್ಮೆ ಕಳೆಯುವುದನ್ನೇ ಕಾಯಬೇಕು.

ಜನವರಿ 6, ಮಂಗಳವಾರ

ಹುಣಸೆಬೀಜದ ಜೊತೆ ಒಂದು ಪುಟ್ಟ ಸೀಡಿ ಕೊಟ್ಟಿದ್ದಾರೆ. ಅದರಲ್ಲಿ ತಂತ್ರಾಂಶ ಇದೆಯಂತೆ. ಅದನ್ನು ಕಂಪ್ಯೂಟರು ಮೊದಲು ನುಂಗಬೇಕಂತೆ. ನನ್ನ ಕಂಪ್ಯೂಟರಿಗೆ ಸೀಡಿ ನುಂಗುವ ಬಾಯಿಯೇ ಇಲ್ಲ.

ಅಂಗಡಿಯಲ್ಲಿ ಈಗ ಬಾಯಿಲ್ಲದವರು ಇಬ್ಬರಾದೆವು.

ಜನವರಿ 8, ಗುರುವಾರ

ತಂತ್ರಾಂಶವನ್ನು ಮೇಲಿನ ಮಹಡಿಯ ಟ್ಯೂಷನ್ ಮೇಡಂ ಶಬನಮ್ ಇಂಟರ್ನೆಟ್ಟಿನಿಂದ ಇಳಿಸಿಕೊಟ್ಟರು. "ಮೂರು ಸಲ ಹೌದು ಅನ್ರಿ ಸರ, ಅದು ತಾನ ಕುಂದರತೈತಿ" ಎಂದರು. ನಾನು ಗೋಣು ಹಾಕಿದೆ. ಈಗ ನನ್ನ ವಾಗ್ವೈಭವ ಅಷ್ಟೇ: ಗೋಣು, ಕಣ್ಣು, ಮತ್ತು ಸುಣ್ಣದ ಬಳಪದ ಒಂದು ಪಾಟಿ.

ಇನ್ನು ಸ್ಪೀಕರ್ ಡಬ್ಬಿಯ ವಿಷಯ ಬರೆಯಬೇಕು. ಅದನ್ನು ಬರೆದರೆ ಗೂಡುಸಾಬನ ವಿಷಯವೂ ಬರೆಯಬೇಕಾಗುತ್ತದೆ. ಗೂಡುಸಾಬನ ಹೆಸರನ್ನು ಈ ದಿನಚರಿಯಲ್ಲಿ ಬರೆಯಬಾರದೆಂದು ನಿರ್ಧರಿಸಿದ್ದೇನೆ. ಮೇಲೆ ಬರೆದದ್ದೇ ಕೊನೆ.

ಆ ಮನುಷ್ಯ ಮೂವತ್ತು ವರ್ಷ ನನ್ನ ಆಟೋ ಹೊಡೆದ. ನಾನು ಹಿಂದೆ ಕಾಗದ ನೋಡಿಕೊಂಡು ಮೈಕಿನಲ್ಲಿ ಕೂಗುವುದು, ಅವನು ಮುಂದೆ ದಾರಿ ನೋಡುವುದು. ನಮ್ಮಿಬ್ಬರ ನಡುವೆ ಒಂದು ಕಬ್ಬಿಣದ ಕಂಬಿ. ಮುಂದೆ ಸಾವಿನ ಮನೆ ಕಂಡರೆ, ಮಸೀದಿಯಲ್ಲಿ ಬಾಂಗ್ ಶುರುವಾದರೆ, ಶಾಲೆಯಲ್ಲಿ ಪರೀಕ್ಷೆ ಇದ್ದರೆ ಅವನು ಮನೆಯ ಕೀಲಿಯಿಂದ ಕಂಬಿಗೆ ಎರಡು ಸಲ ಹೊಡೆಯುತ್ತಿದ್ದ: ಟಣ್ ಟಣ್. ನನ್ನ ಹೆಬ್ಬೆರಳು ಮೈಕಿನ ಗುಂಡಿ ಆರಿಸುತ್ತಿತ್ತು. ದಾಟಿದ ಮೇಲೆ ಒಂದೇ ಟಣ್, ಮತ್ತೆ ಶುರು.

ದೀಪಾವಳಿಗೆ ನಾನು ಕಂಪ್ಯೂಟರ್ ತಂದೆ. ದನಿ ಭರ್ತಿ ಮಾಡಿದೆ. ಆ ಮನುಷ್ಯ ಕೇಳಿ ಏನೆನ್ನಬೇಕು? "ದನಿ ನಿಂದ ಐತಿ, ಖರೇ. ಆದ್ರ ಇದಕ್ಕ ಕಣ್ಣಿಲ್ಲಲ್ಲೋ ಸಿದ್ಲಿಂಗಾ." ವಿಜ್ಞಾನಕ್ಕೆ ಅಪಮಾನ! "ಹಂಗಾದ್ರ ನಿನ್ನ ಟಣ್ ಟಣ್ ನೀನ ಇಟ್ಕೋ, ಇನ್ನ ನನಗ ಬೇಡ" ಎಂದೆ. ಇಟ್ಟುಕೊಂಡು ಹೋದ. ಆಟೋ ಅವನದೇ, ಒಯ್ದ. ನಾವು ಹಾವೇರಿಯಲ್ಲಿ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಎರಡು 'ಧಮಾಕಾ' ಸ್ಪೀಕರ್ ಡಬ್ಬಿಗಳಲ್ಲಿ ಒಂದನ್ನೂ ಒಯ್ದ. ಈಗ ರಸ್ತೆಯಾಚೆ, ನನ್ನ ಅಂಗಡಿಗೆ ಸರಿಯಾಗಿ ಎದುರಿಗೆ ನಿಂತು ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಾನೆ. ಇಡೀ ಊರಿನಲ್ಲಿ ಬೇರೆ ಸ್ಟ್ಯಾಂಡೇ ಇಲ್ಲವೇ?

ನನಗೀಗ ಗೋಣೆಪ್ಪನ ಆಟೋ. ಗೋಣೆಪ್ಪ ಒಳ್ಳೆಯವನು. ಮುಂದಿನ ಚಕ್ರ ಬಿಟ್ಟು ಜಗತ್ತಿನಲ್ಲಿ ಬೇರೇನನ್ನೂ ನೋಡುವವನಲ್ಲ.

ಜನವರಿ 9, ಶುಕ್ರವಾರ

ಕಂಪ್ಯೂಟರು ಈಗ ವರಾನ್ವೇಷಣೆಗೆ ಹೊರಟಿದೆ. "ಹುಡುಕಲಾಗುತ್ತಿದೆ" ಎಂದು ಚಕ್ರ ತಿರುಗಿಸಿತು. ಸುತ್ತಮುತ್ತಲಿನವರ ಹೆಸರು ಒಂದೊಂದಾಗಿ ಬಂದವು. ಮೊದಲು ಟ್ಯೂಷನ್ನಿಗೆ ಬರುವ ಮುಸ್ಕಾನಳ ಹಾಡು ಕೇಳುವ ಕಿವಿಬೋಂಡಾ. ಆಮೇಲೆ ಪಕ್ಕದ ಲಾಡ್ಜಿನ ಟಿವಿ. ಕೊನೆಗೆ ನನ್ನ ಧಮಾಕಾ. ಒತ್ತಿದೆ. "ಜೋಡಿಯಾಗಲು ಒಪ್ಪಿಗೆಯೇ? ಗುಪ್ತ ಸಂಖ್ಯೆ ಹೇಳಿ" ಎಂದಿತು. ಡಬ್ಬಿಯ ತಳದಲ್ಲಿ ನೋಡಿದರೆ ಗುಪ್ತ ಸಂಖ್ಯೆ ನಾಲ್ಕು ಸೊನ್ನೆ! ಇಂಥ ಗುಪ್ತವನ್ನು ಕಾಯಲು ಗುಪ್ತಚರರು ಬೇರೆ ಬೇಕೆ?

"ಸಂಪರ್ಕಗೊಂಡಿದೆ" ಎಂದು ಹಸಿರು ಅಕ್ಷರ ಬಂತು. ಸಪ್ಪಳ ಮಾತ್ರ ಇಲ್ಲ. ನನ್ನ ಬಗಲಿನಲ್ಲೇ ಧಮಾಕಾ ಡಬ್ಬಿ ಮೂಕಬಸವಣ್ಣನಂತೆ ಕೂತಿತ್ತು.

ಪ್ರೇಮವ್ವ ಇಣುಕಿ ನೋಡಿದಳು. "ಕೂಡೇತಿ ಅಂತ ಬರದೈತಿ, ಮಾತಿಲ್ಲ ಕತಿಯಿಲ್ಲ. ಹಿಂಗ ಬಾಳೇ ಮಾಡಿದವರು ಊರಾಗ ಬಾಳ ಮಂದಿ ಅದಾರ ಬಿಡ್ರಿ" ಎಂದಳು.

ಪಾಟಿಯ ಮೇಲೆ ಬರೆಯಲು ಹೋದೆ. ಬಳಪ ಮುರಿಯಿತು.

ಜನವರಿ 12, ಸೋಮವಾರ

ಅವಮಾನ! ಕಳ್ಳತನ! ದರೋಡೆ!

ಸಪ್ಪಳ ಸಣ್ಣದಿರಬಹುದೆಂದು ಇವತ್ತು ಕಂಪ್ಯೂಟರಿನ ದನಿಯ ಗೆರೆಯನ್ನು ತುತ್ತತುದಿಗೆ ಏರಿಸಿ ಒತ್ತಿದೆ. ನನ್ನ ಡಬ್ಬಿ ಮೂಕ. ಆದರೆ ರಸ್ತೆಯಾಚೆ ಆ ಮನುಷ್ಯನ ಆಟೋದೊಳಗಿಂದ, ಊರಿಗೆ ಊರೇ ನಡುಗುವಂತೆ, ನನ್ನ ದನಿ: "ತಾಯಂದಿರೇ! ಅಣ್ಣತಮ್ಮಂದಿರೇ!"

ಆಗ ಆಟೋದಲ್ಲಿ ತೊಡೆಯ ಮೇಲೆ ತತ್ತಿಯ ಟ್ರೇ ಇಟ್ಟುಕೊಂಡು ಕೂತಿದ್ದವಳು ತತ್ತಿ ಮಾರುವ ಜೈತೂನಬಿ. ನನ್ನ ಬಾಯಿ ಹೋದ ಸುದ್ದಿ ಗೊತ್ತಿದ್ದವಳು. ಕೆಳಗೆ ಹಾರಿ ಚೀರಿದಳು: "ಯಾ ಅಲ್ಲಾ! ಸಿದ್ಲಿಂಗಣ್ಣನ ದನಿ ಮೈ ಬಿಟ್ಟು ಬಂದು ಗೂಡುಭಾಯ್‌ನ ಆಟೋದಾಗ ಹೊಕ್ಕೊಂಡೈತಿ! ಜೀವ ಐತೋ ಇಲ್ಲೋ ನೋಡ್ರೆಪ್ಪೋ!"

ಜನ ಓಡಿ ಬಂದು ಅಂಗಡಿಯಲ್ಲಿ ನನ್ನ ಜೀವ ಪರೀಕ್ಷಿಸಿದರು. ಒಬ್ಬ ಮಹಾನುಭಾವ ಮೂಗಿನ ಮುಂದೆ ಬೆರಳಿಟ್ಟು ನೋಡಿದ.

ಶಬನಮ್ ಮೇಡಂ ಇಳಿದು ಬಂದು ವಿಷಯ ಬಿಡಿಸಿದರು. ಎರಡೂ ಡಬ್ಬಿಗೆ ಒಂದೇ ಹೆಸರು, ಒಂದೇ ನಾಲ್ಕು ಸೊನ್ನೆ. ಮೊದಲು ಕಂಡದ್ದನ್ನು ನನ್ನದೆಂದುಕೊಂಡು ನಾನೇ ಕಂಪ್ಯೂಟರಿಗೆ ಅವನದರ ಕೈಹಿಡಿಸಿದ್ದೆ.

ಇಷ್ಟರ ನಡುವೆ ಆ ಮನುಷ್ಯ ಮಾಡಿದ್ದೇನು? ಡಬ್ಬಿ ಆರಿಸಬಹುದಿತ್ತು. ಗುಂಡಿ ಅವನ ಕೈಗೆಟುಕುವಲ್ಲೇ ಇದೆ. ಆರಿಸಲಿಲ್ಲ. ಹ್ಯಾಂಡಲ್ ಮೇಲೆ ಗದ್ದ ಊರಿ, ಕಣ್ಣು ಮುಚ್ಚಿ, ಜಾಹೀರಾತು ಮುಗಿಯುವತನಕ ಕೇಳುತ್ತಾ ಕೂತಿದ್ದ. ಪುಕ್ಕಟೆ ಸಿಕ್ಕಿದರೆ ಈ ಜನ ಏನನ್ನೂ ಬಿಡುವುದಿಲ್ಲ!

ಜನವರಿ 13, ಮಂಗಳವಾರ

ಬೆಳಿಗ್ಗೆ ಪರೀಕ್ಷೆಗೆಂದು ಒತ್ತಿದೆ. ಮತ್ತೆ ಅವನ ಆಟೋದಲ್ಲೇ ಹೊಡೆಯಿತು. ಆಚೆಯಿಂದ ಕೂಗಿದ:

"ಏ ಸಿದ್ಲಿಂಗಾ! ನಿನ್ನ ದನಿ ನಿನ್ನ ಮನ್ಯಾಗ ಕಟ್ಟಿ ಹಾಕ್ಕೋ! ನನ್ನ ಗಿರಾಕಿ ಹೆದರಿ ಓಡಿ ಹೊಂಟಾರ!"

ಮೂವತ್ತು ವರ್ಷ ಇಡೀ ಊರಿಗೆ ಕೂಗಿದವನು ನಾನು. ಇವನೊಬ್ಬನಿಗೆ ಉತ್ತರ ಕೊಡಲಾರದೆ ನಿಂತೆ. ಪಾಟಿ ತೆಗೆದು ದಪ್ಪಕ್ಷರದಲ್ಲಿ ಬರೆದೆ: "ನಿನ್ನ ಡಬ್ಬಿ ಬಂದ್ ಮಾಡೋ ಹಲ್ಕಟ್!" ಎತ್ತಿ ಹಿಡಿದೆ. ಚಾಳೀಸು ಕನ್ನಡಕವಿಲ್ಲದೆ ಅವನಿಗೆ ಅಕ್ಷರವೇ ಕಾಣುವುದಿಲ್ಲ, ಪಾಟಿ ಎಲ್ಲಿಂದ ಕಂಡೀತು? "ಏನ್ ಬರದಾನಬೇ ಯವ್ವಾ?" ಎಂದು ಪ್ರೇಮವ್ವನನ್ನು ಕೇಳಿದ.

ಪ್ರೇಮವ್ವ ಪಾಟಿಯನ್ನು ನಿಧಾನಕ್ಕೆ, ಅಕ್ಷರ ಅಕ್ಷರ ಓದಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು: "ಚಾ ಕುದಿಯಾಕತ್ತೇತಂತ, ಲಗೂ ಬಾ ಅಂತ ಬರದಾರಣ್ಣಾ!"

ಬಂದ! ನಾಚಿಕೆಯಿಲ್ಲದೆ ಬಂದ. ಹಳೆಯ ಜಾಗದಲ್ಲೇ ಕೂತು, ಹಳೆಯ ಕಪ್ಪಿನಲ್ಲೇ ಚಹಾ ಕುಡಿದ. ನನ್ನೊಡನೆ ಒಂದು ಮಾತಾಡಲಿಲ್ಲ. ಪ್ರೇಮವ್ವನೊಡನೆ ನನ್ನ ಗಂಟಲಿನ ಬಗ್ಗೆ ಒಂದೊಂದೇ ಕೇಳಿ ತಿಳಿದುಕೊಂಡ. ಎಷ್ಟು ದೊಡ್ಡ ಗಂಟು, ಊಟ ಇಳಿಯುತ್ತದೆಯೇ, ಅರಿಶಿಣ ಹಾಲು ಕೊಡುತ್ತೀಯೇ. ಪರರ ಗಂಟಲಿನ ಬಗ್ಗೆ ಇಷ್ಟು ಕುತೂಹಲವೇ? ಇದನ್ನೇ ಹೊಟ್ಟೆಕಿಚ್ಚು ಎನ್ನುವುದು.

ಜನವರಿ 20, ಮಂಗಳವಾರ

ನನ್ನ ಡಬ್ಬಿಯೂ ಕೊನೆಗೆ ಜೋಡಿಯಾಯಿತು. ಜಯವಾಗಲಿ!

ಈಗ ಪಟ್ಟಿಯಲ್ಲಿ ಎರಡು ಧಮಾಕಾಗಳು ಒಂದರ ಕೆಳಗೊಂದು ಕೂತಿವೆ. ಮೇಲಿನದು ಅವನದು. ಅದನ್ನು ಅಳಿಸಿದರೆ ಗೊಂದಲ ಇರುವುದಿಲ್ಲ ಎಂದರು ಮೇಡಂ. ಬೆರಳಿಟ್ಟೆ. "ಈ ಸಾಧನವನ್ನು ತೆಗೆದುಹಾಕಬೇಕೆ? ಹೌದು. ಇಲ್ಲ." ಎಂದು ಕೇಳಿತು. ಇದೇನು ಪ್ರಶ್ನೆ? ಖಂಡಿತವಾಗಿ ಹೌದು. ಒತ್ತುವಷ್ಟರಲ್ಲಿ ಕರೆಂಟು ಹೋಯಿತು.

ಕಂಪ್ಯೂಟರು ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಅದು ಬೇರೆ. ಕರೆಂಟಿಲ್ಲದಾಗ ಇಂಥ ದೊಡ್ಡ ಕೆಲಸ ಮಾಡಬಾರದು.

ಜನವರಿ 22, ಗುರುವಾರ

ಇವತ್ತು ಅಳಿಸಬೇಕಿತ್ತು. ಅಮಾವಾಸ್ಯೆ ಈಗಷ್ಟೇ ಹೋಗಿದೆ, ಬೇಡವೆನ್ನಿಸಿತು.

ಒಂದು ವೈಜ್ಞಾನಿಕ ಸಂಗತಿ ಕಂಡುಹಿಡಿದೆ. ಆ ಮನುಷ್ಯ ಹಲಗೇರಿ ಕಡೆ ಬಾಡಿಗೆಗೆ ಹೋದರೆ ಪಟ್ಟಿಯಲ್ಲಿ ಅವನ ಧಮಾಕಾ ಮಂಕಾಗುತ್ತದೆ. ಸ್ಟ್ಯಾಂಡಿಗೆ ವಾಪಸು ಬಂದರೆ ಅಕ್ಷರ ಕಪ್ಪಾಗುತ್ತದೆ. ಇವತ್ತು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ, ಮಂಕಾಗಿಯೇ ಇತ್ತು. ಊಟ ಬಿಟ್ಟು ಎಲ್ಲಿ ಸಾಯುತ್ತಾನೋ. ನನಗೇನು.

ಜನವರಿ 27, ಮಂಗಳವಾರ

ಮಂಕು.

ಜನವರಿ 28, ಬುಧವಾರ

ಇವತ್ತೂ ಮಂಕು. ತಂತ್ರಾಂಶ ಕೆಟ್ಟಿದೆ. ತೆಗೆದು ಮತ್ತೆ ಹಾಕಿದೆ. ಹುಣಸೆಬೀಜ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಇಂಥ ಕಳಪೆ ಮಾಲು ಮಾರುವವರನ್ನು ಕೇಳುವವರಿಲ್ಲವೇ ಈ ದೇಶದಲ್ಲಿ?

ಸಂಜೆ ಪ್ರೇಮವ್ವ ಸುದ್ದಿ ತಂದಳು. ಆ ಮನುಷ್ಯನ ಹೆಂಡತಿ ಮಹಮೂದಾಬೇಗಂ ಸಂತೆಯಲ್ಲಿ ಸಿಕ್ಕಿದ್ದಳಂತೆ, ಅವನಿಗೆ ಜ್ವರವಂತೆ. ಬರಲಿ. ಜ್ವರ ಎಲ್ಲರಿಗೂ ಬರುತ್ತದೆ. ಪ್ರೇಮವ್ವ ಗಂಜಿ ಒಯ್ದಳು. ಉಪ್ಪಿನಕಾಯಿ ಇಡುವುದನ್ನು ಮರೆತಿದ್ದಳು, ನಾನು ಇಟ್ಟೆ. ಗೃಹಿಣಿಯರಿಗೆ ಮರೆವು ಒಳ್ಳೆಯದಲ್ಲ ಎಂಬ ತತ್ವಕ್ಕಾಗಿ ಇಟ್ಟೆ.

ಜನವರಿ 30, ಶುಕ್ರವಾರ

ಕಪ್ಪಾಯಿತು.

ತಂತ್ರಾಂಶ ಸರಿಹೋದಂತಿದೆ.

ಫೆಬ್ರವರಿ 2, ಸೋಮವಾರ

ಬ್ಯಾಡಗಿಯಿಂದ ಬಂದು ಬರೆಯುತ್ತಿದ್ದೇನೆ. ಕಣ್ಣು ಇನ್ನೂ ಉರಿಯುತ್ತಿದೆ. ಮೆಣಸಿನಕಾಯಿ ಘಾಟಿಗೆ.

ಸೋಮವಾರ ಅಲ್ಲಿ ಮಾರುಕಟ್ಟೆಯ ದಿನ. ಊರಿಗೆ ಊರೇ ಕೆಂಪು. ನೆಲದ ಮೇಲೆ ಮೆಣಸಿನಕಾಯಿ, ಗಾಡಿಯಲ್ಲಿ ಮೆಣಸಿನಕಾಯಿ, ಗಾಳಿಯಲ್ಲೂ ಅದೇ. ಗೋಣೆಪ್ಪನ ಆಟೋದ ನೆತ್ತಿಗೆ ಧಮಾಕಾ ಬಿಗಿದು, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹೊರಟೆ. ಒತ್ತಿದೆ. ಆಹಾ! ನನ್ನ ದನಿ! ಮೆಣಸಿನ ರಾಶಿಯ ಮೇಲೆ ಕೂತವರೂ ತಿರುಗಿ ನೋಡಿದರು. "ನಗುನಗುತ್ತಾ ಬನ್ನಿ! ಮನೆಮಂದಿಯೆಲ್ಲ ಬನ್ನಿ! ಇಂಥ ಸಂತೋಷದ ದಿನ ಮತ್ತೆ ಬರುವುದಿಲ್ಲ!" ಕಂಪನಿಯ ಅಧಿಕಾರಿ ಚೇತನಕುಮಾರ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿ ತೋರಿಸಿದರು.

ಮಾರುಕಟ್ಟೆ ದಾಟಿ ಓಣಿ ಹೊಕ್ಕೆವು. ಘಾಟು ಮೂಗಿಗೆ ಏರಿತು. ಸೀನು. ಮತ್ತೆ ಸೀನು. ಕಣ್ಣಲ್ಲಿ ಧಾರೆ. ಒರೆಸಿಕೊಂಡು ನೋಡುತ್ತೇನೆ: ಮುಂದೊಂದು ಮನೆ, ಬಾಗಿಲ ಮುಂದೆ ಬೆಂಕಿಯ ಹೊಗೆ, ಕಟ್ಟೆಯ ಮೇಲೆ ಮಾತಿಲ್ಲದೆ ಕೂತ ಗಂಡಸರು, ಒಳಗೆ ಹೆಂಗಸರ ಅಳು.

"ನಗುನಗುತ್ತಾ ಬನ್ನಿ!" ಎಂದಿತು ಧಮಾಕಾ.

ನಿಲ್ಲಿಸುವ ಗುಂಡಿ ಒತ್ತಿದೆ. ಕಂಪ್ಯೂಟರು "ಪ್ರತಿಕ್ರಿಯಿಸುತ್ತಿಲ್ಲ" ಎಂದು ತೋರಿಸಿತು. ನನ್ನ ದನಿ ಮಾತ್ರ ನಿಲ್ಲಲಿಲ್ಲ. "ಮನೆಮಂದಿಯೆಲ್ಲ ಬನ್ನಿ!" ಡಬ್ಬಿ ನೆತ್ತಿಯ ಮೇಲೆ, ಕೈಗೆ ನಿಲುಕದು. ಗೋಣೆಪ್ಪ ಚಕ್ರ ನೋಡಿಕೊಂಡು ಆಮೆಯಂತೆ ಹೊಡೆಯುತ್ತಿದ್ದಾನೆ, ಕೆಲಸ ಛಲೋ ನಡೆದಿದೆ ಎಂಬ ಭಾವ. ಕಟ್ಟೆಯ ಮೇಲಿನ ಒಬ್ಬ ಎದ್ದು ನಿಂತ. ಆಮೇಲೆ ಎಲ್ಲರೂ ಎದ್ದರು. ನಿಲ್ಲಿಸೋ ಎಂದು ಕೂಗಲು ಬಾಯಿ ತೆರೆದೆ. ಚಾಕು ಬಂದರೆ ಬರಲಿ ಎಂದೇ ತೆರೆದೆ. ಗಾಳಿಯಷ್ಟೇ ಬಂತು.

"ಇಂಥ ಸಂತೋಷದ ದಿನ..."

ಟಣ್ ಟಣ್.

ಪಕ್ಕದಲ್ಲಿ ಇನ್ನೊಂದು ಆಟೋ. ಒಂದು ಕೈ ಚಾಚಿ ಗೋಣೆಪ್ಪನ ಕಂಬಿಗೆ ಕೀಲಿಯಿಂದ ಹೊಡೆದಿತ್ತು. ನನ್ನ ಹೆಬ್ಬೆರಳು ತಾನಾಗಿಯೇ ಮೈಕಿನ ಗುಂಡಿ ಹುಡುಕಿತು. ಮೈಕ್ ಇರಲಿಲ್ಲ. ಹುಣಸೆಬೀಜ ಸಿಕ್ಕಿತು. ಕಿತ್ತೆ.

ಅಷ್ಟು ಮೌನವನ್ನು ನಾನು ನನ್ನ ಆಯುಷ್ಯದಲ್ಲಿ ಕೇಳಿಲ್ಲ.

ಗೂಡುಸಾಬ ಇಳಿದು, ಚಪ್ಪಲಿ ಬಿಟ್ಟು, ಕಟ್ಟೆಯ ಮುಂದೆ ಕೈಮುಗಿದ. "ತಪ್ಪಾತ್ರಿ ಹಿರೇರ. ಅಂವಗ ಬಾಯಿ ಹೋಗೇತಿ. ಮಿಷಿನಿಗೆ ಕಣ್ಣಿಲ್ಲ. ಹೊಟ್ಟ್ಯಾಗ ಹಾಕ್ಕೋರಿ." ನಾನೂ ಇಳಿದು ಪಕ್ಕದಲ್ಲಿ ನಿಂತು ಕೈಮುಗಿದೆ. ನನ್ನ ಕಣ್ಣ ನೀರನ್ನು ಅವರು ದುಃಖವೆಂದುಕೊಂಡರು. ಅದು ಮೆಣಸಿನಕಾಯಿ.

ಹಿರಿಯರೊಬ್ಬರು ನನ್ನನ್ನು ನೋಡಿ, "ದನಿ ಹೋತೇನಪಾ? ಆತ್, ಹೋಗ್ರಿ, ಹೋಗ್ರಿ" ಎಂದರು. ನೂರು ಬೈಗುಳಕ್ಕಿಂತ ಅದು ಭಾರವಿತ್ತು.

ಊರು ಅರ್ಧ ಉಳಿದಿತ್ತು. ಕಂಪ್ಯೂಟರು ಸತ್ತಿತ್ತು. ಗೂಡುಸಾಬ ತನ್ನ ಆಟೋದ ಸೀಟು ಎತ್ತಿ, ಬಟ್ಟೆಯಲ್ಲಿ ಸುತ್ತಿದ್ದ ನನ್ನ ಹಳೆಯ ಮೈಕನ್ನು, ವೈರಿನ ಮೈಕನ್ನು ತೆಗೆದು ತನ್ನ ಡಬ್ಬಿಗೆ ಚುಚ್ಚಿದ. ಅದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದನೆಂದು ಕೇಳಬೇಕಿತ್ತು, ಬಾಯಿರಲಿಲ್ಲ. "ನಾ ಒದರತೇನಿ. ನೀ ಮುಂದ ಕುಂದ್ರು. ಗೋಣೆಪ್ಪ ನನ್ನ ಗಾಡಿ ಹೊಡೀಲಿ. ದಾರಿ ನೋಡೂದು ನಿಂದು" ಎಂದು ಕೀಲಿಗೊಂಚಲು ನನ್ನ ಕೈಯಲ್ಲಿಟ್ಟ.

ಅವನ ಘೋಷಣೆಯ ಬಗ್ಗೆ ಬರೆಯಲು ನನ್ನ ಲೇಖನಿ ನಾಚುತ್ತದೆ. ಮಹಾಜನತೆಗೆ "ಮಾಜಂತಿ". ಹೈಬ್ರಿಡ್‌ಗೆ "ಹೈಬಿರೇಡು". ನಡುನಡುವೆ "ಏ ಕಾಕಾ, ಎಮ್ಮಿ ಸರಸ್ರಿ" ಎಂಬುದೂ ಕಂಪನಿಯ ಖರ್ಚಿನಲ್ಲಿ ಪ್ರಸಾರವಾಯಿತು. ಜನ ನಕ್ಕರು. ನಕ್ಕು ಹಿಂದೆ ಬಂದರು. ಚೇತನಕುಮಾರರು ಮುಂದಿನ ವಾರ ಹಾವೇರಿಗೂ ಇದೇ ಜೋಡಿ ಬರಲಿ ಎಂದರು. ಅಭಿರುಚಿ ಎಂಬುದು ನಾಡಿನಿಂದ ತೊಲಗಿದೆ.

ಮಸೀದಿಯ ಹತ್ತಿರ ಬಾಂಗ್ ಶುರುವಾಯಿತು. ಕಾಗದದಲ್ಲಿ ಮುಳುಗಿದ್ದವನಿಗೆ ತನ್ನ ಬಾಂಗೇ ಕೇಳಿರಲಿಲ್ಲ! ಕೀಲಿಯಿಂದ ಕಂಬಿಗೆ ಎರಡು ಹೊಡೆದೆ. ತಕ್ಷಣ ನಿಂತ. ಮುಗಿದ ಮೇಲೆ ಒಂದು ಹೊಡೆದೆ. ಶುರು ಮಾಡಿದ.

ಟಣ್ ಟಣ್ ಹೊಡೆಯುವುದೂ ಸುಲಭವಲ್ಲ. ಎಲ್ಲಿ ನೋಡಿದರೂ ಯಾರದಾದರೂ ಮನೆಯಿರುತ್ತದೆ.

ಒಂದು ಸಂಶಯ ಮಾತ್ರ ಉಳಿದಿದೆ. ಬ್ಯಾಡಗಿಗೆ ಬಾಡಿಗೆ ಸಿಕ್ಕಿತ್ತು, ಅದಕ್ಕೇ ಬಂದೆ ಎಂದ. ರಾಣೆಬೆನ್ನೂರಿನಿಂದ ಅಷ್ಟು ದೂರ ಆಟೋದಲ್ಲಿ ಬರುವ ಹುಚ್ಚ ಯಾರು? ಅವನ ಗಾಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರೇಮವ್ವನನ್ನು ಪಾಟಿಯ ಮೇಲೆ ಕೇಳಿದೆ. "ನನಗೇನ್ ಗೊತ್ತರೀ" ಎಂದು ಒಳಗೆ ಹೋಗಿ, ಒಲೆಯ ಮುಂದೆ ಹಾಡು ಗುನುಗಿದಳು. ಹೆಂಗಸರಿಗೆ ಲೋಕದ ವ್ಯವಹಾರದಲ್ಲಿ ಆಸಕ್ತಿ ಕಡಿಮೆ.

ಫೆಬ್ರವರಿ 17, ಮಂಗಳವಾರ

ಶಿವರಾತ್ರಿ ದಾಟಿತು. ಹಾವೇರಿಯ ಡಾಕ್ಟರು ಇಣುಕಿ ನೋಡಿದರು. ಗಂಟು ಕರಗಿದೆ, ಚಾಕು ಬೇಡ. ಮನೆಯಲ್ಲಿ ಮೆಲ್ಲಗೆ ಮಾತಾಡಬಹುದು. ಕೂಗುವುದು ಮಾತ್ರ ಇನ್ನು ಎಂದೆಂದಿಗೂ ಇಲ್ಲ.

ಎಂದೆಂದಿಗೂ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ.

ಮೊದಲ ಮಾತಿಗಾಗಿ ಭಾರೀ ಭಾಷಣವೊಂದನ್ನು ಸಿದ್ಧಮಾಡಿ ಇಟ್ಟಿದ್ದೆ. ಅಂಗಡಿಗೆ ಬಂದಾಗ ಪ್ರೇಮವ್ವ ಚಹಾ ಸೋಸುತ್ತಿದ್ದಳು. ಹಳೆಯ ಜಾಗದಲ್ಲಿ ಆ ಮನುಷ್ಯ ಕೂತಿದ್ದ. ಬಾಯಿ ತೆರೆದೆ. ಸೀಳಿದ ಬಿದಿರಿನಂಥ ಒಂದು ದನಿ ಬಂತು: "ಅಂವಗ ಸಕ್ಕರಿ ಕಡಿಮಿ ಹಾಕು. ಜ್ವರದಾಗಿಂದ ಎದ್ದಾನ."

"ಅರೆ! ದನಿ ನನ್ನಕಿಂತ ಕೆಟ್ಟೈತಲ್ಲೋ!" ಎಂದು ಗೂಡ್ಯಾ ತೊಡೆ ತಟ್ಟಿ ನಕ್ಕ. ಇಂಥವನ ಡಬ್ಬಿಯನ್ನು ಪಟ್ಟಿಯಿಂದ ಈ ಕ್ಷಣವೇ ಅಳಿಸುತ್ತೇನೆ ಎಂದು ಕಂಪ್ಯೂಟರ್ ತೆರೆದೆ. "ತೆಗೆದುಹಾಕಬೇಕೆ?" ಎಂದು ಕೇಳಿತು. ಚಹಾ ಆರುತ್ತಿತ್ತು. ಮುಚ್ಚಿಟ್ಟೆ.

ಈ ದಿನಚರಿಯನ್ನು ಯಾರೂ ಓದತಕ್ಕದ್ದಲ್ಲ. ಆದರೆ ಪ್ರೇಮವ್ವ ಓದುತ್ತಾಳೆ, ಅವಳು ಓದಿದರೆ ಊರೇ ಓದಿದಂತೆ. ಆದ್ದರಿಂದ ಮಹಾಜನತೆಯಲ್ಲಿ ಒಂದು ಚಿಕ್ಕ ವಿನಂತಿ. ನಿಮ್ಮ ಓಣಿಯಲ್ಲಿ ಹೈಬಿರೇಡು ಎಂದು ಒದರುತ್ತಾ ಒಂದು ಆಟೋ ಬಂದರೆ, ಮುಂದೆ ಕೂತ ಮುದುಕ ಕಣ್ಣೊರೆಸಿಕೊಳ್ಳುತ್ತಾ ದಾರಿ ನೋಡುವುದನ್ನು ಮರೆತಿದ್ದರೆ, ನಿಮ್ಮ ನೆರೆಯಲ್ಲಿ ಸಾವೋ ಬಾಂಗೋ ಪರೀಕ್ಷೆಯೋ ಇದ್ದರೆ, ದಯವಿಟ್ಟು ಪಕ್ಕಕ್ಕೆ ಬಂದು ಕಂಬಿಗೆ ಎರಡು ಹೊಡೆಯಿರಿ. ಕೀಲಿ ಇಲ್ಲದಿದ್ದರೆ ಉಂಗುರ ನಡೆಯುತ್ತದೆ.